ಕಲಾವಿದರ ಜೀವನದ ಸಿನಿಮಾದಲ್ಲಿ ಅವರ ಕೆಟ್ಟ ಸಹವಾಸವನ್ನೂ ತೋರಿಸಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಎಲ್ಲರೂ ನೋಡಿರುವ ಒಂದು ಸಿನಿಮಾ ಹಿಡಿದು ಮಾತಾಡುತ್ತೇವೆ. ಮೇಷ್ಟ್ರುಗಳು, ಬ್ಯಾಂಕಿನವರು, ಕಾಲೇಜಿನ ಮಕ್ಕಳು, ಬೇಲೂರು, ಅರಸೀಕೆರೆ ಕಡೆಯಿಂದ ಬಸ್ಸಿಗೆ ಬರುವವರು, ಎಲ್ಲ ಇರುತ್ತಾರೆ. ಗಾಯಕರದೋ ನಟರದೋ ಜೀವನದ ಸಿನಿಮಾ ಆದರೆ ಮಾತು ಬಹಳ ಬೇಗ ಒಂದೇ ಕಡೆ ಬಂದು ನಿಲ್ಲುತ್ತದೆ. ಆ ಮನುಷ್ಯ ಯಾರ ಜೊತೆ ಓಡಾಡಿದ, ಯಾರಿಗೆ ಕೈ ಕುಲುಕಿದ, ಯಾರನ್ನು ನೋಯಿಸಿದ ಅನ್ನೋದೆಲ್ಲ ತೆರೆಯ ಮೇಲೆ ಬೇಕಾ? ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುವುದರಿಂದ ಒಂದು ಕಡೆ ಬರೆದಿಡುತ್ತಿದ್ದೇನೆ. ಉತ್ತರಗಳು ನನ್ನವು. ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ.

ಸುತ್ತಿ ಬಳಸಿ ಬೇಡ. ತೋರಿಸಬೇಕಾ, ಬೇಡವಾ?

ಆ ಸಹವಾಸದಿಂದ ಇನ್ನೊಬ್ಬರಿಗೆ ಏಟು ಬಿದ್ದಿದ್ದರೆ ತೋರಿಸಲೇಬೇಕು. ಕಲಾವಿದನ ಕೆಲಸವನ್ನೇ ಅದು ತಿದ್ದಿದ್ದರೆ, ಕೆಡಿಸಿದ್ದರೆ, ಆಗಲೂ ತೋರಿಸಬೇಕು. ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ. ಅದು ಅವರ ಮನೆ ವಿಷಯ.

ಒಬ್ಬ ನಟ ಯಾರ ಜೊತೆ ಕೂತು ಕುಡಿಯುತ್ತಿದ್ದ ಅನ್ನುವುದು ನನಗೆ ಬೇಕಾಗಿಲ್ಲ. ಆದರೆ ಅವನ ಗೆಳೆತನದ ಬಲದಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಗಿದ್ದರೆ, ಒಬ್ಬ ತಬಲಾದವನ ದುಡ್ಡು ಮುಳುಗಿದ್ದರೆ, ಒಂದು ಕ್ರೂರ ಸರ್ಕಾರ ಅವನ ಹೆಸರು ಹೇಳಿಕೊಂಡು ಮರ್ಯಾದೆ ಸಂಪಾದಿಸಿದ್ದರೆ, ಆ ಕತೆ ಅವನೊಬ್ಬನದೇ ಅಲ್ಲ. ಅದರಲ್ಲಿ ಪಾಲಿರುವ ಇನ್ನೊಬ್ಬರನ್ನು ಎಡಿಟಿಂಗ್ ಟೇಬಲ್ಲಿನಲ್ಲಿ ಅಳಿಸಿಹಾಕುವ ಹಕ್ಕು ನಿರ್ದೇಶಕರಿಗೆ ಇಲ್ಲ ಅಂತ ನಾನು ನಂಬಿದ್ದೇನೆ.

ದೊಡ್ಡವರ ತಪ್ಪು ಎತ್ತಿ ಆಡುವುದು ನಮ್ಮ ಸಂಪ್ರದಾಯ ಅಲ್ಲ, ಅಲ್ವಾ?

ಈ ಮಾತು ಪ್ರತಿ ಸಲ ಬರುತ್ತದೆ. ಹೇಳುವವರು ಹಿರಿಯರು, ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನಮ್ಮ ಕತೆಗಳನ್ನೇ ತೆಗೆದು ನೋಡಿ.

ಪುರಂದರದಾಸರ ಕತೆಯನ್ನು ಅಜ್ಜಿಯರು ಎಲ್ಲಿಂದ ಶುರು ಮಾಡುತ್ತಾರೆ? ಜಿಪುಣ ಶ್ರೀನಿವಾಸ ನಾಯಕನಿಂದ. ಮಗನ ಮುಂಜಿಗೆ ಅಂತ ಬಡವನೊಬ್ಬ ಬೇಡಿಕೊಂಡು ಬರುತ್ತಾನೆ. ಸಾಹುಕಾರ ಇವತ್ತು ಬಾ, ನಾಳೆ ಬಾ ಅಂತ ಅಲೆಸುತ್ತಾನೆ. ಹೆಂಡತಿ ಮರುಕದಿಂದ ಮೂಗುತಿ ಬಿಚ್ಚಿಕೊಡುತ್ತಾಳೆ. ಅದು ಗಂಡನ ಅಂಗಡಿಗೇ ಬಂದು ಬೀಳುತ್ತದೆ. ಅವನು ಮನೆಗೆ ಬಂದು ಮೂಗುತಿ ಎಲ್ಲಿ ಅಂತ ಕೇಳಿದಾಗ ಆಕೆ ವಿಷದ ಬಟ್ಟಲು ಕೈಗೆತ್ತಿಕೊಳ್ಳುತ್ತಾಳೆ. ಹೆಂಡತಿ ವಿಷ ಕುಡಿಯುವ ಮಟ್ಟಕ್ಕೆ ಹೋದಳು ಅನ್ನುವುದನ್ನು ಯಾರೂ ಮುಚ್ಚಿಟ್ಟಿಲ್ಲ. ತನಗೆ ತಂಬೂರಿ ಹಿಡಿಸಿದವಳು ಹೆಂಡತಿಯೇ ಅಂತ ದಾಸರು ತಾವೇ ಹಾಡಿಕೊಂಡರು. 1964ರ 'ನವಕೋಟಿ ನಾರಾಯಣ'ದಲ್ಲಿ ರಾಜ್‌ಕುಮಾರ್ ಪುರಂದರದಾಸರಾದರು. ಜಿಪುಣತನ ತೆಗೆದುಬಿಟ್ಟರೆ ಆ ಕತೆಯೇ ಇಲ್ಲ. ಅದನ್ನು ತೋರಿಸಿದ್ದಕ್ಕೆ ದಾಸರ ಮೇಲಿನ ಭಕ್ತಿ ಯಾರಿಗೂ ಕಡಿಮೆ ಆಗಲಿಲ್ಲ.

ಇನ್ನೊಂದು ನಮ್ಮ ಜಿಲ್ಲೆಯದೇ ಕತೆ. ಬೇಲೂರಿನಲ್ಲಿ ಚೆನ್ನಕೇಶವನನ್ನು ನೋಡಿ ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಗೆ ಹೋಗಿ. ಗೈಡು ಅಲ್ಲಿ ಜಕಣಾಚಾರಿಯ ಕತೆ ಹೇಳುತ್ತಾರೆ. ಒಬ್ಬ ಹುಡುಗ ಬಂದು ಈ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅಂತ ಶಿಲ್ಪಿ ಪಂಥ ಕಟ್ಟುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿ ಹಸಿ. ಅಲ್ಲಿ ಉಳಿ ಇಟ್ಟು ಹೊಡೆದರೆ ಒಳಗಿಂದ ನೀರು, ಮರಳು, ಒಂದು ಕಪ್ಪೆ. ಇಷ್ಟು ಹೇಳುವ ಹೊತ್ತಿಗೆ ಮಕ್ಕಳೆಲ್ಲ ಕತ್ತು ಚಾಚಿ ಮೂರ್ತಿಯ ಹೊಟ್ಟೆಯನ್ನೇ ನೋಡುತ್ತಿರುತ್ತಾರೆ. ಆಮೇಲೆ ತಿಳಿಯುತ್ತದೆ, ಆ ಹುಡುಗ ಡಂಕಣ, ಜಕಣಾಚಾರಿಯ ಸ್ವಂತ ಮಗ. ಅಪ್ಪನಿಗೆ ಮಗನ ಗುರುತೇ ಇಲ್ಲ. ಯಾಕೆಂದರೆ ಹೆಂಡತಿಯನ್ನು ಊರಲ್ಲೇ ಬಿಟ್ಟು ಗುಡಿ ಕಟ್ಟಲು ಹೊರಟವನು ಅವನು.

ಜಕಣಾಚಾರಿ ನಿಜವಾಗಿ ಇದ್ದ ವ್ಯಕ್ತಿ ಅಂತ ಬಹಳಷ್ಟು ಇತಿಹಾಸಕಾರರು ಒಪ್ಪುವುದಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥ ಶಿಲ್ಪಿಗಳ ಹೆಸರು ಕೆತ್ತಿದೆ, ಜಕಣಾಚಾರಿಯದಿಲ್ಲ. ಇರಲಿ. ಜನ ತಾವಾಗಿ ಒಬ್ಬ ಮಹಾ ಶಿಲ್ಪಿಯ ಜೀವನಕತೆ ಕಟ್ಟಲು ಕೂತಾಗ ಕೈಬಿಟ್ಟ ಸಂಸಾರವನ್ನೂ ಕತ್ತರಿಸಿಕೊಂಡ ಕೈಯನ್ನೂ ಅದರ ನಟ್ಟನಡುವೆ ಇಟ್ಟರು. ಅವನು ಗೆದ್ದದ್ದನ್ನಷ್ಟೇ ಇಡಲಿಲ್ಲ. 1964ರಲ್ಲೇ ಬಿ.ಎಸ್. ರಂಗ ಇದನ್ನು 'ಅಮರಶಿಲ್ಪಿ ಜಕಣಾಚಾರಿ' ಅಂತ ತೆರೆಗೆ ತಂದರು. ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ ಅದು.

ಒಂದೇ ಬೇಜಾರು. ಅಷ್ಟು ವರ್ಷ ಒಬ್ಬಳೇ ಮಗನನ್ನು ಸಾಕಿದ ಆ ಹೆಂಡತಿ ಹೇಗೆ ಬದುಕಿದಳು ಅಂತ ಗುಡಿಯ ಮುಂದೆ ನಿಂತು ಯಾರೂ ಕೇಳುವುದಿಲ್ಲ. ಮುಂದೆ ಯಾರಾದರೂ ಇದನ್ನು ಮತ್ತೆ ಸಿನಿಮಾ ಮಾಡಿದರೆ ಆಕೆಯ ಮನೆಯಿಂದ ಶುರು ಮಾಡಲಿ.

ಎರಡೂವರೆ ಗಂಟೆಯಲ್ಲಿ ಎಲ್ಲ ಹೇಳೋಕೆ ಆಗುತ್ತಾ? ಏನಾದರೂ ಬಿಡಲೇಬೇಕಲ್ಲ?

ಬಿಡಲೇಬೇಕು. ಆದರೆ ಯಾವುದನ್ನು ಬಿಟ್ಟರು, ಅದನ್ನು ಬಿಟ್ಟಿದ್ದರಿಂದ ಯಾವುದು ಚೆನ್ನಾಗಿ ಕಂಡಿತು ಅನ್ನುವುದನ್ನು ನೋಡಬೇಕು.

2018ರ 'ಬೊಹೀಮಿಯನ್ ರಾಪ್ಸೋಡಿ' ತಗೊಳ್ಳಿ. ಕ್ವೀನ್ ಬ್ಯಾಂಡಿನ, ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕತೆ. ಸಿನಿಮಾ ಏರುತ್ತಾ ಏರುತ್ತಾ 1985ರ ಜುಲೈನ ಲೈವ್ ಏಡ್ ಕಾರ್ಯಕ್ರಮಕ್ಕೆ ಬಂದು ನಿಲ್ಲುತ್ತದೆ. ಇಥಿಯೋಪಿಯಾದ ಬರಗಾಲದ ಸಂತ್ರಸ್ತರಿಗೆ ಹಣ ಕೂಡಿಸಲು ನಡೆದ ಕಾರ್ಯಕ್ರಮ ಅದು. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ, ನನಗೂ ಬಂತು. ಆದರೆ ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1984ರ ಅಕ್ಟೋಬರಿನಲ್ಲಿ, ಇದೇ ಬ್ಯಾಂಡು ದಕ್ಷಿಣ ಆಫ್ರಿಕಾದ ಸನ್ ಸಿಟಿ ಅನ್ನುವ ರೆಸಾರ್ಟಿನಲ್ಲಿ ಹಾಡಿ ಬಂದಿತ್ತು. ಅಲ್ಲಿ ಆಗ ವರ್ಣಭೇದದ ಸರ್ಕಾರ. ಅಲ್ಲಿಗೆ ಹೋಗಿ ಹಾಡಬೇಡಿ ಅಂತ ವಿಶ್ವಸಂಸ್ಥೆ ಕಲಾವಿದರನ್ನು ಕೇಳಿಕೊಂಡಿತ್ತು. ಹೋದದ್ದಕ್ಕೆ ಬ್ರಿಟನ್ನಿನ ಸಂಗೀತಗಾರರ ಸಂಘ ಬ್ಯಾಂಡಿಗೆ ದಂಡ ಹಾಕಿತು.

ಸಿನಿಮಾದಲ್ಲಿ ಸನ್ ಸಿಟಿ ಇಲ್ಲವೇ ಇಲ್ಲ. ಜಾಗ ಸಾಲದೆ ಹೋಯಿತು ಅಂತ ನನಗೆ ಅನ್ನಿಸುವುದಿಲ್ಲ. ಅದನ್ನು ಸೇರಿಸಿದ್ದರೆ ಕೊನೆಯ ಆ ದೃಶ್ಯದ ಅರ್ಥವೇ ಬೇರೆ ಆಗುತ್ತಿತ್ತು. ಆಫ್ರಿಕಾದ ಹಸಿದವರಿಗಾಗಿ ಎದೆ ಬಿರಿಯೆ ಹಾಡುವ ಮನುಷ್ಯ ಒಂಬತ್ತು ತಿಂಗಳ ಹಿಂದೆ ಅದೇ ಖಂಡದಲ್ಲಿ ಯಾರ ಆತಿಥ್ಯದಲ್ಲಿ ಹಾಡಿದ್ದ ಅಂತ ನೋಡುವವರು ಕೇಳಿಕೊಳ್ಳುತ್ತಿದ್ದರು. ನನ್ನ ಪ್ರಕಾರ ಅದೇ ಒಳ್ಳೆಯ ಸಿನಿಮಾ ಆಗುತ್ತಿತ್ತು. ಆ ಹಾಡಿಗೆ ಆಗ ತೂಕ ಜಾಸ್ತಿ.

ಮನೆಯವರೇ ಒಪ್ಪಿ, ಜೊತೆಗೆ ನಿಂತು ಮಾಡಿಸಿದ ಸಿನಿಮಾ ಜಾಸ್ತಿ ಸತ್ಯ ಇರುತ್ತದೆ ಅಲ್ವಾ?

ವಿವರ ಜಾಸ್ತಿ ಇರುತ್ತದೆ. ಮನೆಯ ಗೋಡೆ ಬಣ್ಣ, ಅಮ್ಮನ ಸೀರೆ, ಹಳೇ ಕಾರು, ಎಲ್ಲ ಸರಿಯಾಗಿರುತ್ತದೆ. ಸತ್ಯ ಜಾಸ್ತಿ ಇರುತ್ತದೆ ಅಂತ ಹೇಳಲಾರೆ.

ಇಲ್ಲಿ ದುಡ್ಡಿನ ಒಂದು ಗಂಟು ಇದೆ, ಅದು ಗೊತ್ತಿರಬೇಕು. ಗಾಯಕರ ಸಿನಿಮಾಕ್ಕೆ ಅವರ ಹಾಡು ಬೇಕು. ನಮ್ಮ ಕಾನೂನಿನಲ್ಲಿ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅದು ಮನೆಯವರ ಕೈಲೋ ಆಡಿಯೋ ಕಂಪನಿಯ ಕೈಲೋ ಇರುತ್ತದೆ. ಅವರು ಕೊಡದಿದ್ದರೆ ಹಾಡಿಲ್ಲ. ಬೇರೆ ದೇಶಗಳಲ್ಲೂ ಹೀಗೇ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಗ್ಗೆ 2013ರಲ್ಲಿ ಬಂದ ಸಿನಿಮಾಕ್ಕೆ ಹಕ್ಕುದಾರರು ಒಪ್ಪಲಿಲ್ಲ. ಅವನ ಸ್ವಂತ ಹಾಡುಗಳಿಲ್ಲದೆಯೇ ಅದನ್ನು ಮುಗಿಸಬೇಕಾಯಿತು. 2020ರಲ್ಲಿ ಇಂಗ್ಲಿಷ್ ಗಾಯಕ ಡೇವಿಡ್ ಬೋವಿಯ ಸಿನಿಮಾಕ್ಕೂ ಇದೇ ಗತಿ. ಹಾಗಾಗಿ ನಿರ್ಮಾಪಕರು ಮೊದಲು ಹಕ್ಕುದಾರರ ಮನೆ ಬಾಗಿಲಿಗೆ ಹೋಗುತ್ತಾರೆ. ಅಲ್ಲಿಂದ ಬರುವಾಗ ಹಾಡಿನ ಜೊತೆ ಒಂದಿಷ್ಟು ಮೌನವನ್ನೂ ತರುತ್ತಾರೆ.

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು 'ಸ್ಟ್ರೇಟ್ ಔಟಾ ಕಾಂಪ್ಟನ್', 2015ರದು. ಅಮೆರಿಕದ ಒಂದು ರಾಪ್ ತಂಡದ ಕತೆ. ತಂಡದ ಡಾ. ಡ್ರೆ, ಐಸ್ ಕ್ಯೂಬ್ ಇಬ್ಬರೂ ನಿರ್ಮಾಪಕರ ಪಟ್ಟಿಯಲ್ಲಿದ್ದಾರೆ. 1991ರಲ್ಲಿ ಡೀ ಬಾರ್ನ್ಸ್ ಅನ್ನುವ ಟೀವಿ ನಿರೂಪಕಿಯ ಮೇಲೆ ಡಾ. ಡ್ರೆ ಕೈ ಮಾಡಿದ್ದ. ಕೇಸೂ ಆಗಿತ್ತು. ಸಿನಿಮಾದಲ್ಲಿ ಆ ಹೆಣ್ಣುಮಗಳು ಇಲ್ಲ. ಇದರ ನಿರ್ದೇಶಕ ಎಫ್. ಗ್ಯಾರಿ ಗ್ರೇ ಆ ಕಾಲದಲ್ಲಿ ಆಕೆಯ ಟೀವಿ ಕಾರ್ಯಕ್ರಮಕ್ಕೇ ಕ್ಯಾಮೆರಾ ಹಿಡಿದಿದ್ದವನು. ಆಕೆಯ ಗುರುತಿಲ್ಲದ ನಿರ್ದೇಶಕ ಅಲ್ಲ. ಚಿತ್ರ ಬಿಡುಗಡೆಯಾದ ಮೇಲೆ ಆಕೆ ತನ್ನ ಕತೆಯನ್ನು ತಾನೇ ಬರೆಯಬೇಕಾಯಿತು. ಜನ ಪ್ರಶ್ನೆ ಮಾಡಿದರು. ಅದೇ ಆಗಸ್ಟಿನಲ್ಲಿ ಡಾ. ಡ್ರೆ ತಾನು ನೋಯಿಸಿದ ಹೆಂಗಸರ ಕ್ಷಮೆ ಕೇಳಿದ. ಸಿನಿಮಾದಲ್ಲಿ ಒಂದೇ ಒಂದು ದೃಶ್ಯ ಇದ್ದಿದ್ದರೆ ಆಕೆ ಇಷ್ಟು ವರ್ಷದ ಮೇಲೆ ಹೀಗೆ ಹೊರಗೆ ನಿಂತು ಕೂಗಬೇಕಿತ್ತಾ?

ಆದರೆ ಮನೆಯವರು, ಸ್ವತಃ ಕಲಾವಿದರು ಸೇರಿದರೆ ಸುಳ್ಳೇ ಆಗುತ್ತದೆ ಅಂತಲೂ ಅಲ್ಲ. ರೇ ಚಾರ್ಲ್ಸ್ ಕಣ್ಣಿಲ್ಲದ ಗಾಯಕ. ಅವರ ಜೀವನದ 'ರೇ' 2004ರಲ್ಲಿ ಬಂತು. ಚಿತ್ರಕತೆಯನ್ನು ಬ್ರೈಲ್ ಲಿಪಿಯಲ್ಲಿ ಮಾಡಿಸಿ ಅವರಿಗೆ ಕೊಟ್ಟಿದ್ದರು. ಹೆರಾಯಿನ್ ಚಟ, ಮನೆಯಾಚೆಯ ಸಂಬಂಧಗಳು, ಹೆಂಡತಿಯ ಸಂಕಟ ಎಲ್ಲ ಅದರಲ್ಲಿದೆ. ಅವರು ತಡೆಯಲಿಲ್ಲ. ಬಿಡುಗಡೆಗೆ ಕೆಲವೇ ತಿಂಗಳು ಮೊದಲು ತೀರಿಕೊಂಡರು. ಅವರ ಹಾಡಿನ ಮೇಲಿನ ನನ್ನ ಪ್ರೀತಿ ಆ ಸಿನಿಮಾ ನೋಡಿದ ಮೇಲೆ ಇನ್ನೂ ಹೆಚ್ಚಾಯಿತು.

'ಸಂಜು'ನಲ್ಲಿ ಎಲ್ಲ ತೋರಿಸಿದ್ದಾರಲ್ಲ? ಡ್ರಗ್ಸ್, ಬಂದೂಕು, ಜೈಲು?

ಹೌದು, ತೋರಿಸಿದ್ದಾರೆ. ಹಿಂದಿ ನಟ ಸಂಜಯ್ ದತ್ ಜೀವನದ ಸಿನಿಮಾ ಅದು. ನಮ್ಮ ಚರ್ಚೆಗಳಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಈ ಸಿನಿಮಾಕ್ಕೇ.

ಹೊರಗಿನ ಸಂಗತಿಗಳು ಹೀಗಿವೆ. 1993ರ ಮಾರ್ಚ್ 12ರಂದು ಮುಂಬೈಯ ಸರಣಿ ಸ್ಫೋಟದಲ್ಲಿ 257 ಜನ ಸತ್ತರು. ಅದಕ್ಕೆ ಸೇರಿದ ಶಸ್ತ್ರಗಳ ಪೈಕಿ ಒಂದು ಎಕೆ-56 ಬಂದೂಕನ್ನು ಸಂಜಯ್ ದತ್ ಮನೆಯಲ್ಲಿ ಇಟ್ಟುಕೊಂಡಿದ್ದರು. ಸ್ಫೋಟದ ಸಂಚಿನಲ್ಲಿ ಅವರ ಪಾಲಿಲ್ಲ ಅಂತ ಟಾಡಾ ಕೋರ್ಟು, ಅಂದರೆ ಭಯೋತ್ಪಾದನೆ ಕೇಸುಗಳ ವಿಶೇಷ ಕೋರ್ಟು, ಬಿಡುಗಡೆ ಮಾಡಿತು. ಅಕ್ರಮ ಶಸ್ತ್ರ ಇಟ್ಟುಕೊಂಡದ್ದಕ್ಕೆ ಶಿಕ್ಷೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಆರು ವರ್ಷದ ಶಿಕ್ಷೆಯನ್ನು ಐದಕ್ಕೆ ಇಳಿಸಿತು. 2016ರ ಫೆಬ್ರವರಿಯಲ್ಲಿ ಅವರು ಹೊರಗೆ ಬಂದರು. 2018ರಲ್ಲಿ ಸಿನಿಮಾ ಮಾಡಿದ ರಾಜ್‌ಕುಮಾರ್ ಹಿರಾನಿ, 2003ರಲ್ಲಿ 'ಮುನ್ನಾಭಾಯಿ' ಮಾಡಿ ಅವರಿಗೆ ಮತ್ತೆ ಹೆಸರು ತಂದುಕೊಟ್ಟವರು.

ಸಿನಿಮಾ ಬಂದೂಕನ್ನು ತೋರಿಸುತ್ತದೆ, ಆದರೆ ಹೆದರಿದ ಮಗನೊಬ್ಬನ ಕೈಯಲ್ಲಿ. ಜೈಲನ್ನು ತೋರಿಸುತ್ತದೆ, ಅಪ್ಪನ ಕಣ್ಣೀರಿನ ಜೊತೆ. ಬೈಗುಳ ಬೀಳುವುದು ಪತ್ರಿಕೆಯವರಿಗೆ. ಸತ್ತ 257 ಜನರ ಮನೆಗಳಿಗೆ ಕ್ಯಾಮೆರಾ ಹೋಗುವುದಿಲ್ಲ. ತಪ್ಪನ್ನು ಹೇಳಿದ್ದಾರೆ ನಿಜ. ಹೇಳಿದ ರೀತಿ ಹೇಗಿದೆಯೆಂದರೆ ಕೊನೆಗೆ ನೋಡುವವರಿಗೆ ಪಾಪ ಅನ್ನಿಸುವುದು ಅವರೊಬ್ಬರ ಮೇಲೆ ಮಾತ್ರ. ಇದು ಮುಚ್ಚಿಡುವುದಕ್ಕಿಂತ ಜಾಣತನದ ಕೆಲಸ. ನನಗೆ ಇದೇ ಹೆಚ್ಚು ತೊಂದರೆ ಅನ್ನಿಸುತ್ತದೆ.

ನಟನೆ ಚೆನ್ನಾಗಿದೆ ಅಲ್ವಾ ಅಂತ ಕೇಳುತ್ತಾರೆ. ತುಂಬ ಚೆನ್ನಾಗಿದೆ. ಅದಕ್ಕೇ ಇಷ್ಟು ಮಾತು.

ರಾಜಕೀಯದವರ ಜೊತೆ ಒಡನಾಟ ಇದ್ದರೆ? ಕಲಾವಿದ ಬದುಕಬೇಕಲ್ಲ?

ಬದುಕಬೇಕು. ನಮ್ಮೂರಲ್ಲೂ ನಾಟಕ ಆಡಿಸಬೇಕಾದರೆ ಯಾರದೋ ಮನೆ ಬಾಗಿಲು ತಟ್ಟಬೇಕು, ಯಾರಿಗೋ ಹಾರ ಹಾಕಬೇಕು. ಅದನ್ನೆಲ್ಲ ಅಪರಾಧ ಅನ್ನಲು ಆಗದು. ಆದರೆ ಒಂದು ಗೆರೆ ದಾಟಿದ ಮೇಲೆ ಸುಮ್ನೆ ಇರಲು ಆಗುವುದಿಲ್ಲ.

ಈ ಗೆರೆಯ ಬಗ್ಗೆ ನಾನು ನೋಡಿದ ಸಿನಿಮಾಗಳಲ್ಲಿ ಹಂಗೇರಿಯ ನಿರ್ದೇಶಕ ಇಸ್ತ್ವಾನ್ ಸಾಬೊ ಅವರ 'ಟೇಕಿಂಗ್ ಸೈಡ್ಸ್' (2001) ಬಹಳ ಪ್ರಾಮಾಣಿಕವಾದದ್ದು. ಫುರ್ಟ್‌ವೆಂಗ್ಲರ್ ಬರ್ಲಿನ್ನಿನ ದೊಡ್ಡ ವಾದ್ಯವೃಂದದ ನಿರ್ದೇಶಕ. ಹಿಟ್ಲರ್ ಬಂದಾಗ ದೇಶ ಬಿಡಲಿಲ್ಲ. ನಾಜಿ ಪಕ್ಷ ಸೇರಲಿಲ್ಲ. ಯಹೂದಿ ವಾದ್ಯಗಾರರಿಗೆ ಸಹಾಯ ಮಾಡಿದರು. ಆದರೂ 1942ರಲ್ಲಿ ಹಿಟ್ಲರನ ಹುಟ್ಟುಹಬ್ಬದ ಹಿಂದಿನ ದಿನದ ಕಛೇರಿ ನಡೆಸಿದರು. ಯುದ್ಧ ಮುಗಿದ ಮೇಲೆ ಅವರ ವಿಚಾರಣೆ ಆಯಿತು, ಕೊನೆಗೆ ಬಿಟ್ಟರು. ಸಿನಿಮಾ ಆ ವಿಚಾರಣೆಯ ಸುತ್ತಲೇ ಇದೆ. ಪ್ರಶ್ನೆ ಕೇಳುವ ಅಮೆರಿಕದ ಮೇಜರ್ ಒರಟ, ಸಂಗೀತ ಗೊತ್ತಿಲ್ಲದವನು. ನಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ಆದರೆ ಅವನು ಕೇಳುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೊನೆಯಲ್ಲಿ ಹಳೆಯ ನಿಜವಾದ ಫಿಲ್ಮ್ ತುಣುಕು ಬರುತ್ತದೆ. ಕಛೇರಿ ಮುಗಿದ ಮೇಲೆ ನಾಜಿ ಮಂತ್ರಿ ಗೋಬೆಲ್ಸ್ ಮುಂದೆ ಬಂದು ಕೈ ಕುಲುಕುತ್ತಾನೆ. ಫುರ್ಟ್‌ವೆಂಗ್ಲರ್ ಕೈ ಕೊಡುತ್ತಾರೆ. ಆಮೇಲೆ ಕರ್ಚೀಫಿನಿಂದ ಆ ಕೈ ಒರೆಸಿಕೊಳ್ಳುತ್ತಾರೆ. ಅಸಹ್ಯವಾಗಿ ಒರೆಸಿದರೋ, ಬೆವರು ಒರೆಸಿದರೋ, ನೀವೇ ತೀರ್ಮಾನಿಸಬೇಕು.

ಇದೇ ಸಾಬೊ 1981ರಲ್ಲಿ 'ಮೆಫಿಸ್ಟೊ' ಮಾಡಿ ಆಸ್ಕರ್ ಗೆದ್ದರು. ನಾಜಿಗಳ ಕೃಪೆಯಲ್ಲಿ ಮೇಲೇರುವ ನಟನ ಕತೆ. 2006ರಲ್ಲಿ ಹಂಗೇರಿಯ ಒಂದು ಪತ್ರಿಕೆ ಒಂದು ವಿಷಯ ಹೊರಗೆ ತಂದಿತು. 1950ರ ದಶಕದ ಕೊನೆಯಲ್ಲಿ, ಸಿನಿಮಾ ವಿದ್ಯಾರ್ಥಿಯಾಗಿದ್ದಾಗ, ಸಾಬೊ ಕಮ್ಯುನಿಸ್ಟ್ ಸರ್ಕಾರದ ಗುಪ್ತ ಪೊಲೀಸರಿಗೆ ಸಹಪಾಠಿಗಳ ಬಗ್ಗೆ ವರದಿ ಕೊಡುತ್ತಿದ್ದರಂತೆ. ಇದು ತಿಳಿದ ಮೇಲೆ ಆ ಎರಡು ಸಿನಿಮಾಗಳನ್ನು ನಾನು ಬೇರೆ ಥರ ನೋಡುತ್ತೇನೆ. ಕಡಿಮೆ ಮಾಡಿ ನೋಡುವುದಿಲ್ಲ. ಮುಂದೆ ಸಾಬೊ ಬಗ್ಗೆಯೇ ಯಾರಾದರೂ ಸಿನಿಮಾ ಮಾಡಿದರೆ ಇದನ್ನು ಬಿಡುವುದು ಹೇಗೆ ಸಾಧ್ಯ?

ಇನ್ನು ಲೆನಿ ರೀಫೆನ್‌ಸ್ಟಾಲ್. ನಾಜಿ ಸಮಾವೇಶವನ್ನು ವೈಭವದಿಂದ ಚಿತ್ರಿಸಿದ ನಿರ್ದೇಶಕಿ. 101 ವರ್ಷ ಬದುಕಿ 2003ರಲ್ಲಿ ತೀರಿಕೊಂಡರು. ನನಗೆ ಕಲೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ ಅನ್ನುವುದೇ ಕೊನೆತನಕ ಅವರ ವಾದ. ಆದರೆ ಯುದ್ಧದ ಕಾಲದಲ್ಲಿ ಒಂದು ಚಿತ್ರಕ್ಕೆ ಅವರು ಕ್ಯಾಂಪುಗಳಲ್ಲಿ ಕೂಡಿಹಾಕಿದ್ದ ರೋಮಾ, ಸಿಂತಿ ಅನ್ನುವ ಅಲೆಮಾರಿ ಸಮುದಾಯಗಳ ಜನರನ್ನು ಕರೆತಂದು ಪಾತ್ರ ಮಾಡಿಸಿದರು. ಮಕ್ಕಳೂ ಇದ್ದರು. ಅವರಲ್ಲಿ ಹಲವರನ್ನು ನಾಜಿಗಳು ಆಮೇಲೆ ಆಶ್‌ವಿಟ್ಜ್ ಅನ್ನುವ ಕೊಲೆ ಶಿಬಿರಕ್ಕೆ ಕಳಿಸಿದರು. ಆ ಜನರಿಗೇನೂ ಆಗಲಿಲ್ಲ ಅಂತ ಲೆನಿ ಮುದಿವಯಸ್ಸಿನಲ್ಲಿ ಹೇಳಿ, ಬದುಕುಳಿದವರು ಕಾನೂನು ಹಿಡಿದಾಗ ಆ ಮಾತನ್ನು ವಾಪಸ್ ತೆಗೆದುಕೊಂಡರು. ಇಂಥ ಕಡೆ "ಕಲೆ ಬೇರೆ, ಜೀವನ ಬೇರೆ" ಅನ್ನುವ ಮಾತಿಗೆ ಜಾಗವೇ ಇಲ್ಲ. ಆ ಮಕ್ಕಳು ಚಿತ್ರದ ಫ್ರೇಮಿನೊಳಗೇ ಇದ್ದಾರೆ.

ಕೋರ್ಟು ಬಿಟ್ಟ ಮೇಲೂ ತೋರಿಸಬೇಕಾ? ಕೇಸು ಇನ್ನೂ ನಡೆಯುತ್ತಿದ್ದರೆ?

ಕೇಸು ನಡೆಯುತ್ತಿದ್ದರೆ ಕಾಯಿರಿ. ತೀರ್ಪು ಕೊಡುವುದು ಸಿನಿಮಾದ ಕೆಲಸ ಅಲ್ಲ. ಅಭಿಮಾನಿಗಳ ಜೋರಿಗೋ ವಿರೋಧಿಗಳ ಜೋರಿಗೋ ಆತುರದಲ್ಲಿ ಮಾಡಿದ ಸಿನಿಮಾ ಸಂತ್ರಸ್ತರಿಗೂ ಅನ್ಯಾಯ, ಆರೋಪಿಗೂ ಅನ್ಯಾಯ.

ಕೋರ್ಟು ಬಿಟ್ಟಿದ್ದರೆ ಆರೋಪ ಬಂದದ್ದನ್ನೂ ಹೇಳಿ, ಬಿಟ್ಟದ್ದನ್ನೂ ಹೇಳಿ. ಮೈಕೆಲ್ ಜಾಕ್ಸನ್ ಮೇಲೆ 1993ರಲ್ಲಿ ಮಕ್ಕಳಿಗೆ ಸಂಬಂಧಿಸಿದ ಆರೋಪ ಬಂತು. ಅದು ಹಣಕೊಟ್ಟು ರಾಜಿಯಾಯಿತು. ಇನ್ನೊಂದು ಪ್ರಕರಣದಲ್ಲಿ 2005ರಲ್ಲಿ ತೀರ್ಪುಗಾರರು ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿದರು. 2019ರಲ್ಲಿ ಇಬ್ಬರು ಗಂಡಸರು ತಮ್ಮ ಬಾಲ್ಯದ ಬಗ್ಗೆ ಸಾಕ್ಷ್ಯಚಿತ್ರದಲ್ಲಿ ಮಾತಾಡಿದರು. ಮನೆಯವರು ಅದನ್ನು ಒಪ್ಪಲಿಲ್ಲ. ಇವು ನಾಲ್ಕೂ ಆದ ಸಂಗತಿಗಳೇ. ಇವುಗಳಲ್ಲಿ ಒಂದನ್ನೇ ಇಟ್ಟುಕೊಂಡು ಮೂರನ್ನು ಬಿಟ್ಟರೆ ಅದು ಒಂದು ಪಕ್ಷದ ಕರಪತ್ರ.

ಇವತ್ತು ಕಳಂಕ ಅನ್ನಿಸಿದ್ದು ನಾಳೆ ಹಾಗೆ ಅನ್ನಿಸದೇ ಹೋಗಬಹುದಲ್ಲ?

ಖಂಡಿತ. ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಶಿಶುನಾಳ ಷರೀಫರ ಉದಾಹರಣೆ ಕೊಟ್ಟೆ. 1819ರಲ್ಲಿ ಹುಟ್ಟಿದ ಮುಸ್ಲಿಂ ಹುಡುಗ ಕಳಸದ ಗೋವಿಂದ ಭಟ್ಟರ ಶಿಷ್ಯನಾದ. ಎರಡೂ ಕಡೆಯವರಿಗೆ ಆ ಸಹವಾಸ ಹಿಡಿಸಲಿಲ್ಲ. ಆ ಕಾಲಕ್ಕೆ ಅದೇ ಕೆಟ್ಟ ಸಹವಾಸ. ಆ ಒಡನಾಟ ಇಲ್ಲದಿದ್ದರೆ ಇವತ್ತು ನಾವು ಹಾಡುವ ತತ್ವಪದಗಳೇ ಇರುತ್ತಿರಲಿಲ್ಲ. 1990ರಲ್ಲಿ ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಷರೀಫ' ಮಾಡಿದಾಗ ಶ್ರೀಧರ್ ಷರೀಫರಾದರು, ಗಿರೀಶ್ ಕಾರ್ನಾಡರು ಗೋವಿಂದ ಭಟ್ಟರಾದರು. ಯಾರಿಗೂ ಬೇಜಾರಾಗದಿರಲಿ ಅಂತ ಆ ಗುರುಶಿಷ್ಯರ ವಿಷಯವನ್ನು ಸಣ್ಣದು ಮಾಡಿದ್ದರೆ ಸಿನಿಮಾ ನಿಲ್ಲುತ್ತಲೇ ಇರಲಿಲ್ಲ.

ಜನ ಮುಖ ಸಿಂಡರಿಸುತ್ತಾರೆ ಅನ್ನುವುದು ಬಿಡಲು ಕಾರಣ ಅಲ್ಲ, ಸೇರಿಸಲೂ ಕಾರಣ ಅಲ್ಲ. ಆ ಸಂಬಂಧದಿಂದ ನಿಜವಾಗಿ ಯಾರಿಗಾದರೂ ಕೇಡಾಯಿತಾ ಅಂತ ನೋಡಿ.

ಹೆಣ್ಣು ಕಲಾವಿದೆಯರ ಸಿನಿಮಾಗಳಲ್ಲಿ ಇದೆಲ್ಲ ಧಾರಾಳವಾಗಿ ಇರುತ್ತದಲ್ಲ?

ಇರುತ್ತದೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಗಂಡಸಾದರೆ ಅವನು ಮಾಡಿದ ಕೇಡನ್ನೂ ಖಾಸಗಿ ಅನ್ನುತ್ತೇವೆ. ಹೆಂಗಸಾದರೆ ಅವಳಿಗೆ ಆದ ಕೇಡನ್ನೂ ಅವಳ ಕಳಂಕ ಅನ್ನುತ್ತೇವೆ. ಅವಳು ಯಾರನ್ನು ಪ್ರೀತಿಸಿದಳು, ಎಷ್ಟು ಕುಡಿದಳು, ಯಾರ ಮನೆಯಲ್ಲಿ ಇದ್ದಳು ಅನ್ನುವುದೇ ಟ್ರೇಲರು.

ಇದನ್ನು ಸರಿಯಾಗಿ ಮಾಡಿದ ಸಿನಿಮಾ ಶ್ಯಾಮ್ ಬೆನೆಗಲ್ ಅವರ 'ಭೂಮಿಕಾ', 1977ರದು. ಮರಾಠಿ ನಟಿ ಹಂಸಾ ವಾಡ್ಕರ್ ತಾವೇ ಹೇಳಿಕೊಂಡ ಆತ್ಮಕತೆಯಿಂದ ಹುಟ್ಟಿದ್ದು. ಸ್ಮಿತಾ ಪಾಟೀಲ್‌ಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಅನಂತ್‌ನಾಗ್ ಕೂಡ ಅದರಲ್ಲಿದ್ದಾರೆ. ಆಕೆಯ ಬದುಕಿಗೆ ಬಂದ ಗಂಡಸರು ಒಬ್ಬೊಬ್ಬರೂ ಆಕೆಯಿಂದ ಏನನ್ನು ಕಿತ್ತುಕೊಂಡರು ಅಂತ ಸಿನಿಮಾ ನೋಡುತ್ತದೆ. ಆಕೆಯನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ.

2018ರ 'ಮಹಾನಟಿ' ತೆಲುಗು, ತಮಿಳು ಚಿತ್ರಗಳ ನಟಿ ಸಾವಿತ್ರಿಯವರ ಬಗ್ಗೆ. ನಟ ಜೆಮಿನಿ ಗಣೇಶನ್ ಆಕೆಯ ಗಂಡ. ತಂದೆಯನ್ನು ತೋರಿಸಿದ ರೀತಿ ಸರಿಯಿಲ್ಲ ಅಂತ ಗಣೇಶನ್ ಅವರ ಇನ್ನೊಂದು ಸಂಸಾರದ ಮಗಳೊಬ್ಬರು ಆಕ್ಷೇಪ ಎತ್ತಿದರು. ಅವರ ನೋವು ನನಗೆ ಅರ್ಥವಾಗುತ್ತದೆ. ಒಬ್ಬರ ಜೀವನದ ಸಿನಿಮಾ ಯಾವಾಗಲೂ ಇನ್ನೊಂದು ಮನೆಯೊಳಕ್ಕೂ ಕಾಲಿಡುತ್ತದೆ. ಆ ಮನೆಯವರನ್ನು ಮೊದಲೇ ಮಾತಾಡಿಸಿರಬೇಕು.

ಕಾನೂನು ಏನು ಹೇಳುತ್ತದೆ? ಅನುಮತಿ ಬೇಕೇ ಬೇಕಾ?

ಚುಟುಕಾಗಿ ಹೇಳುತ್ತೇನೆ. ಕೋರ್ಟಿನ ದಾಖಲೆಯಂಥ ಸಾರ್ವಜನಿಕ ದಾಖಲೆಗಳಲ್ಲಿ ಇರುವುದನ್ನು ಅನುಮತಿ ಇಲ್ಲದೆಯೂ ಬಳಸಬಹುದು ಅಂತ ಸುಪ್ರೀಂ ಕೋರ್ಟು 1994ರ ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಅದರಾಚೆಗೆ ಹೋಗಿ ಖಾಸಗಿ ಬದುಕನ್ನು ಕೆದಕಿದರೆ ತೊಂದರೆ. ತೀರಿಕೊಂಡ ಹಿಂದಿ ನಟ ಸುಶಾಂತ್ ಸಿಂಗ್ ರಜಪೂತ್ ಕುರಿತ ಚಿತ್ರದ ಪ್ರಕರಣದಲ್ಲಿ, 2023ರಲ್ಲಿ, ಖಾಸಗಿತನದ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ಮನೆಯವರಿಗೆ ಆಸ್ತಿಯಂತೆ ಬರುವುದಿಲ್ಲ ಅಂತ ದೆಹಲಿ ಹೈಕೋರ್ಟು ಹೇಳಿತು. ಆದರೆ ತೀರಿಕೊಂಡವರ ಬಗ್ಗೆ ಆಡಿದ ಮಾತೂ ಮಾನನಷ್ಟ ಆಗಬಹುದು, ಅದು ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ನೋಡಿ.

"ಇದು ಕಾಲ್ಪನಿಕ" ಅಂತ ಮೊದಲೇ ಹಾಕಿಬಿಟ್ಟರೆ ಆಯ್ತಲ್ಲ?

ನಿಜವಾದ ಹೆಸರು, ನಿಜವಾದ ಹಾಡು, ನಿಜವಾದ ಫೋಟೋ ಇಟ್ಟು ಹಾಗೆ ಹಾಕುವುದರಲ್ಲಿ ಅರ್ಥವಿಲ್ಲ. ಟಿಕೆಟ್ ಮಾರಿದ್ದೇ ನಿಜ ಕತೆ ಅಂತ.

ಪೂರ್ತಿ ಕಲ್ಪನೆಯ ದಾರಿ ಹಿಡಿಯುವುದಾದರೆ ಅದು ಬೇರೆ, ಬಹಳ ಗೌರವದ ದಾರಿ. ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರು 'ಮಂದ್ರ'ದಲ್ಲಿ ಮಾಡಿದ್ದು ಅದನ್ನೇ. ಮೋಹನಲಾಲ ಅನ್ನುವ ಹಿಂದೂಸ್ತಾನಿ ಗಾಯಕ. ಅವನ ಸಂಗೀತದ ಎತ್ತರ ಪುಟ ಪುಟದಲ್ಲೂ ನಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಅವನು ಶಿಷ್ಯೆಯರನ್ನು, ಹೆಂಡತಿಯನ್ನು ನಡೆಸಿಕೊಳ್ಳುವ ರೀತಿ ನೋಡಿದರೆ ಮೈ ಉರಿಯುತ್ತದೆ. ಎರಡರಲ್ಲಿ ಒಂದನ್ನು ಓದಿ ಇನ್ನೊಂದನ್ನು ಬಿಡಲು ಲೇಖಕರು ಜಾಗ ಕೊಡುವುದಿಲ್ಲ. ಆ ಕಾದಂಬರಿಗೆ 2010ರ ಸರಸ್ವತಿ ಸಮ್ಮಾನ್ ಬಂತು. ಕಲಾವಿದರ ಸಿನಿಮಾಕ್ಕೆ ಕೈ ಹಾಕುವ ಹುಡುಗರಿಗೆ ನಾನು ಮೊದಲು ಓದಿ ಅನ್ನುವುದು ಇದನ್ನೇ.

ಇಷ್ಟೆಲ್ಲ ಗೊತ್ತಾದ ಮೇಲೆ ಅವರ ಹಾಡು ಕೇಳಬಹುದಾ?

ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ನಾನು ಕೆಲವರದು ಕೇಳುತ್ತೇನೆ, ಕೆಲವರದು ಆಗುವುದಿಲ್ಲ.

ನಮ್ಮೂರಿನ ನಾಟಕದ ಮೇಷ್ಟ್ರ ಬಗ್ಗೆ ಒಂದು ಕಿರುಚಿತ್ರ ಮಾಡಬೇಕು ಅಂತಿದ್ದೇನೆ. ಅವರ ಬಗ್ಗೆ ಊರಲ್ಲಿ ಕೆಲವು ಮಾತುಗಳಿವೆ. ಏನು ಮಾಡಲಿ?

ಈ ಪ್ರಶ್ನೆ ಬಂದಾಗ ನನಗೆ ಎಲ್ಲಕ್ಕಿಂತ ಖುಷಿ. ಹಾಸನ ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಕಡಿಮೆ. ತಿಂಗಳುಗಟ್ಟಲೆ ಊರಲ್ಲೇ ಉಳಿದು, ಹಾರ್ಮೋನಿಯಂ ಹಿಡಿದು, ರೈತರ ಬಾಯಲ್ಲಿ ಕಂದ ಪದ್ಯ ಹಾಡಿಸಿದ ಮೇಷ್ಟ್ರುಗಳ ಬಗ್ಗೆ ಸಿನಿಮಾ ಬರಲೇಬೇಕು.

ಊರಿನ ಮಾತನ್ನು ಹಾಗೇ ನಂಬಬೇಡಿ, ಹಾಗೇ ತಳ್ಳಿಯೂ ಹಾಕಬೇಡಿ. ಕುಡಿಯುತ್ತಿದ್ದರು ಅನ್ನುತ್ತಾರಾ? ಅದರಿಂದ ಮನೆಯಲ್ಲಿ ಒಲೆ ಉರಿಯದೇ ಇದ್ದ ದಿನಗಳಿದ್ದವಾ ಅಂತ ಮನೆಯವರನ್ನೇ ಕೇಳಿ, ಅವರು ಹೇಳಲು ಇಷ್ಟಪಟ್ಟರೆ ಮಾತ್ರ. ಎರಡನೇ ಸಂಸಾರ ಇತ್ತು ಅನ್ನುತ್ತಾರಾ? ಆ ಮನೆಗೂ ಹೋಗಿ. ಅಲ್ಲಿಯೂ ಒಬ್ಬ ಅಮ್ಮ ಇರುತ್ತಾರೆ, ಮಕ್ಕಳಿರುತ್ತಾರೆ. ನಾಟಕದ ಬೋರ್ಡಿನಲ್ಲಿ ಅವರ ಹೆಸರು ಯಾವತ್ತೂ ಬಂದಿರುವುದಿಲ್ಲ. ಇಂಥವರನ್ನು ಪಾತ್ರಕ್ಕೆ ಸೇರಿಸಲಿಲ್ಲ, ಇಂಥವರಿಗೆ ಬೇರೆ ಲೋಟ ಇಡುತ್ತಿದ್ದರು ಅನ್ನುವ ಮಾತಿದ್ದರೆ ಆ ಕೇರಿಗೆ ಹೋಗಿ ಕೂತು ಕೇಳಿ. ಕ್ಯಾಮೆರಾ ಮೊದಲ ದಿನವೇ ತೆಗೆಯಬೇಡಿ.

ಬೇಡ ಅಂದವರ ಹೆಸರು, ಮುಖ ಹಾಕಬೇಡಿ. ಚಿತ್ರ ಮುಗಿದ ಮೇಲೆ ಊರಿಗೆಲ್ಲ ತೋರಿಸುವ ಮೊದಲು ಆ ಎರಡೂ ಮನೆಯವರಿಗೆ ತೋರಿಸಿ. ಮೇಷ್ಟ್ರು ಭೀಮನ ಪಾತ್ರಧಾರಿಗೆ ಗದೆ ಹಿಡಿಯುವುದನ್ನು ಕಲಿಸುವ ದೃಶ್ಯವನ್ನು ಮಾತ್ರ ಚೆನ್ನಾಗಿ, ನಿಧಾನವಾಗಿ ತೆಗೆಯಿರಿ. ಅವರು ಎಷ್ಟು ದೊಡ್ಡ ಕಲಾವಿದರು ಅಂತ ಗೊತ್ತಾಗದಿದ್ದರೆ ಉಳಿದದ್ದು ಯಾಕೆ ಹೇಳುತ್ತಿದ್ದೀರಿ ಅನ್ನುವುದೂ ನೋಡುವವರಿಗೆ ತಿಳಿಯುವುದಿಲ್ಲ.

ಮುಗಿದ ಮೇಲೆ ನಮ್ಮಲ್ಲಿಗೆ ತನ್ನಿ. ನೋಡುತ್ತೇವೆ, ಜಗಳವನ್ನೂ ಆಡುತ್ತೇವೆ.